ಸಂದಿ ಕಾದ ಆಟೋ ಅಣ್ಣನವರಿಗೆ ಶರಣು

ಬಳ್ಳಾರಿಯ ಗಾಡಿಯಿಲ್ಲದ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳು ಆಡಿದರಲ್ಲ, ಆಗ ಅಡ್ಡರಸ್ತೆಯೊಂದನ್ನು ಕೊನೆತನಕ ಕಾದು ಹೆಸರೂ ಹೇಳದೆ ಹೋದ ಆಟೋ ಅಣ್ಣನವರೇ, ನಮ್ಮ ತಂಡದ ಶರಣು.

ಬೀದಿಯ ಎರಡು ತುದಿ ಮುಚ್ಚುವುದು ಸುಲಭ. ತೊಂದರೆ ಬರುವುದು ನಡುವಿನ ಸಂದಿಗಳಿಂದ. ಬ್ಯಾರಿಕೇಡ್ ಪಕ್ಕ ಎರಡಡಿ ಜಾಗ ಸಿಕ್ಕರೆ ಸಾಕು, ಒಂದು ಬೈಕಿನ ಹಿಂದೆ ಹತ್ತು ನುಗ್ಗುತ್ತವೆ. ನೀವು ಬ್ಯಾರಿಕೇಡನ್ನು ಸಂದಿಯ ಬಾಯಿಂದ ಎತ್ತಿ ಹಿಂದಿನ ತಿರುವಿಗೇ ಒಯ್ದಿರಿ. ಬಂದವರಿಗೆ ಗಾಡಿ ತಿರುಗಿಸಿಕೊಳ್ಳಲು ಜಾಗ ಸಿಕ್ಕಿತು, ಅರ್ಧ ಜಗಳ ಅಲ್ಲೇ ಮುಗಿಯಿತು. ಉಳಿದ ಕಿಂಡಿಗೆ ಕಟ್ಟಿದ ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಇಳಿಬಿಟ್ಟಿರಿ. ಬರೀ ಹಗ್ಗ ನಸುಕಿನಲ್ಲಿ ಕಣ್ಣಿಗೆ ಕಾಣದು, ನೇರ ಕುತ್ತಿಗೆಗೇ ಬೀಳುತ್ತದೆ. ಗಂಟೂ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು, ಆಂಬುಲೆನ್ಸ್ ಬಂದರೆ ಎಂದು. ನಡುವೆ 12 ಅಡಿ ಖಾಲಿ ಬಿಡುವುದೂ ಅದಕ್ಕೇ; ರಂಗೋಲಿ, ಕೇರಂ, ಮಿರ್ಚಿ ಬಂಡಿ ಏನಿದ್ದರೂ ಅಂಚಿಗೆ.

ಕೊಲಂಬಿಯಾದ ಬೊಗೋಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೊವಿಯಾ, ಅಂದರೆ ಭಾನುವಾರ ಗಾಡಿ ತಡೆದು ರಸ್ತೆಯನ್ನು ಜನರಿಗೆ ಬಿಟ್ಟುಕೊಡುವ ಪದ್ಧತಿ, ಮಧ್ಯಾಹ್ನ ಎರಡರವರೆಗೆ ನಡೆಯುತ್ತದೆ. ನಮ್ಮ ಬಿಸಿಲಿಗೆ ಅದು ಆಗದ ಮಾತು, ಒಂಬತ್ತಕ್ಕೇ ರಸ್ತೆ ಬಿಡಬೇಕು. ಆಗಲೂ ಮಕ್ಕಳೆಲ್ಲ ಅಂಚಿಗೆ ಸರಿಯುವವರೆಗೆ ನೀವು ಹಗ್ಗ ಬಿಚ್ಚಲಿಲ್ಲ.

ಅಷ್ಟು ಹೊತ್ತಿನ ಬಾಡಿಗೆ ಬಿಟ್ಟಿರಿ. ಹಗ್ಗ ನಮ್ಮಲ್ಲೇ ಉಳಿದಿದೆ. ಮುಂದಿನ ಸಲ ಆರು ಗಂಟೆಗೆ ಅದೇ ತಿರುವಿಗೆ ಬರ್ರಿ, ಚಹಾ ನಮ್ಮದು.