ಆ ಇನ್ನೊಂದು ಹ್ಯಾಮ್ಲೆಟ್

ಮಾನ್ಯರೇ,

ಷೇಕ್ಸ್‌ಪಿಯರ್ ಸಿನಿಮಾಗಳ ಕುರಿತ ಲೇಖನದಲ್ಲಿ ಕೆನೆತ್ ಬ್ರಾನಾ ಅವರ ನಾಲ್ಕು ಗಂಟೆಯ ‘ಹ್ಯಾಮ್ಲೆಟ್’ (1996) ಇದೆ. ಅದರ ಹಿಂದಿನ ವರ್ಷ ಅವರೇ ಬರೆದು ನಿರ್ದೇಶಿಸಿದ ‘ಇನ್ ದ ಬ್ಲೀಕ್ ಮಿಡ್‌ವಿಂಟರ್’ ಬಿಟ್ಟುಹೋಗಿದೆ. ಕಡಿಮೆ ದುಡ್ಡಿನ ಕಪ್ಪು-ಬಿಳುಪು ಹಾಸ್ಯಚಿತ್ರ; ಕೆಲಸವಿಲ್ಲದ ನಟರು ಕ್ರಿಸ್‌ಮಸ್ ಹೊತ್ತಿಗೆ ಹಳ್ಳಿಯ ಚರ್ಚಿನಲ್ಲಿ ‘ಹ್ಯಾಮ್ಲೆಟ್’ ಆಡಲು ಹೊರಡುತ್ತಾರೆ. ರಾಣಿ ಗರ್ಟ್ರೂಡ್ ಪಾತ್ರ ಗಂಡಸಿನ ಪಾಲಿಗೆ! (ಕಂಪನಿ ನಾಟಕ ಬಲ್ಲ ನಮಗೆ ಇದೇನು ಹೊಸದಲ್ಲ.)

ಕಡಿಮೆ ಜನರಲ್ಲಿ ಪಾತ್ರ ಹಂಚುವ ಲೆಕ್ಕ ಮಾತ್ರ ತಮಾಷೆಯಲ್ಲ. ರಾಜನ ಮಂತ್ರಿ ಪೊಲೋನಿಯಸ್ ಮೂರನೇ ಅಂಕದಲ್ಲೇ ಸಾಯುವುದರಿಂದ ಐದನೆಯದರಲ್ಲಿ ಅದೇ ನಟ ಗೋರಿ ತೋಡುವವನಾಗಬಹುದು. ಹ್ಯಾಮ್ಲೆಟ್‌ನ ಸತ್ತ ತಂದೆಯ ಭೂತವೂ ಈಗಿನ ರಾಜ ಕ್ಲಾಡಿಯಸ್ಸೂ ಎದುರುಬದುರಾಗುವುದೇ ಇಲ್ಲ, ಒಬ್ಬನೇ ಸಾಕು. ಆದರೆ ರಾಣಿಯ ಕೋಣೆಯಿಂದ ಭೂತ ಮರೆಯಾದ ಮೇಲೆ ಸುಮಾರು 80 ಸಾಲಿನೊಳಗೆ ರಾಜನ ಉಡುಪು ಮೈಮೇಲಿರಬೇಕು. ಉಡುಪಿಗೆ ಗುಂಡಿಯ ಬದಲು ಕೊಕ್ಕೆ, ಭೂತಕ್ಕೆ ಬಣ್ಣದ ಬದಲು ಮುಸುಕು ಇಟ್ಟುಕೊಳ್ಳದಿದ್ದರೆ ಸುಣ್ಣ ಬಳಿದ ಮುಖದ ರಾಜ ಬಂದು ಸಭೆ ಗೊಳ್ಳೆನ್ನುತ್ತದೆ. ಪೊಲೋನಿಯಸ್‌ನ ಮಗ ಲೇರ್ಟಿಸ್‌ಗೂ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊಗೂ ಒಬ್ಬನನ್ನೇ ಹಾಕಿದರೆ ಕೊನೆಯ ಕತ್ತಿವರಸೆಯಲ್ಲಿ ಸಿಕ್ಕಿಬಿದ್ದಂತೆಯೇ: ಅಲ್ಲಿ ಇಬ್ಬರೂ ರಂಗದ ಮೇಲಿರಬೇಕು.

ಈ ಸಿನಿಮಾವನ್ನೂ ಪಟ್ಟಿಗೆ ಸೇರಿಸಿ.

ಒಬ್ಬ ರಂಗಾಸಕ್ತ, ಧಾರವಾಡ