ಬಳಚು ಹೆಕ್ಕೂದು ಹ್ಯಾಂಗೆ

ಕಳೆದ ರಾಜ್ಯೋತ್ಸವಕ್ಕೆ ಇಲ್ಲಿ ವಿದೇಶದ ನಮ್ಮ ಕನ್ನಡ ಕೂಟದಲ್ಲಿ ನಾವು ಆಡಿದ ನಾಟಕ ನೆನಪಿದೆಯಾ? ಇಲ್ಲದಿದ್ದರೂ ಬೇಜಾರಿಲ್ಲ. ಬರೆದವನು ನಾನೇ. ಅಘನಾಶಿನಿ ನದಿ ಬಗ್ಗೆ ಇಪ್ಪತ್ತು ನಿಮಿಷದ ಬೀದಿ ನಾಟಕ, ಅದೂ ಕಾರ್ಪೆಟ್ ಹಾಸಿದ ಹಾಲ್‌ನಲ್ಲಿ. ನೀಲಿ ಸೀರೆಯನ್ನು ಇಬ್ಬರು ಹಿಡಿದು ಅಲ್ಲಾಡಿಸಿದರೆ ನದಿ. ಕಪ್ಪು ಕನ್ನಡಕದವನು ಕಂಪನಿ. ಉಳಿದವರೆಲ್ಲ ನದಿ ದಂಡೆಯ ಜನ, ಅಳುವುದೊಂದೇ ಅವರ ಕೆಲಸ. ಹದಿನೈದನೇ ನಿಮಿಷಕ್ಕೆ ಹಿಂದಿನಿಂದ ಬಿಸಿಬೇಳೆ ಬಾತಿನ ಪರಿಮಳ ಬಂತು. ನದಿ ಸಾಯುವ ಮೊದಲೇ ಅರ್ಧ ಜನ ತಟ್ಟೆ ಹಿಡಿದು ಸಾಲಿನಲ್ಲಿದ್ದರು.

ಅಘನಾಶಿನಿ ಹುಟ್ಟೋದು ನಮ್ಮ ಶಿರಸಿ ಕಡೆ. ಹಾಗಾಗಿ ಆ ನದಿಯ ಬಗ್ಗೆ ನನಗೆ ಎಲ್ಲ ಗೊತ್ತು ಅನ್ನೋ ಒಂದು ಸಣ್ಣ ಗರ್ವ ನನಗಿತ್ತು. ಘಟ್ಟದ ಮೇಲಿನವರಿಗೆ ಇದು ಸ್ವಲ್ಪ ಜಾಸ್ತಿನೇ ಅಂತ ಘಟ್ಟದ ಕೆಳಗಿನವರು ಹೇಳುತ್ತಾರೆ, ಸುಳ್ಳೇನಲ್ಲ. ನದಿ ಕಡಲು ಸೇರುವ ತದಡಿಯಲ್ಲಿ 4000 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ ಬರುತ್ತದೆ ಅಂದಾಗ ಜನ ಎದುರು ನಿಂತದ್ದು, ಅದು ಕೈಬಿಟ್ಟು ಹೋದದ್ದು, 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು, ಎಲ್ಲವನ್ನೂ ನಾಟಕದಲ್ಲಿ ತುರುಕಿದ್ದೆ. ಮಾಹಿತಿಗೇನೂ ಕೊರತೆ ಇರಲಿಲ್ಲ.

ಊಟದ ಸಾಲಿನಲ್ಲಿ ಒಬ್ಬರು ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಕುಮಟಾ ಕಡೆಯವರು, ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದರು. "ನಾಟ್ಕ ಚೊಲೋ ಆಯ್ತು" ಅಂದರು. ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೆ ತಮಾ, ಬರೀ ಅಳೂದೇ ತೋರ್ಸಿದ್ರಿ. ಬಳಚು ಹೆಕ್ಕೂದು ಹ್ಯಾಂಗೆ ಅಂತ ತೋರ್ಸ್ಲೇ ಇಲ್ಲ."

ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ, ಬಳಚು ಅಂದರೆ ಚಿಪ್ಪಿಕಲ್ಲು. ನೀರು ಇಳಿದಾಗ ಹೆಂಗಸರು ಅಳಿವೆಗೆ ಇಳಿದು ಹೆಕ್ಕುತ್ತಾರೆ. ಅಜ್ಜಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಬಗ್ಗಿದರು. ಮೊದಲು ಪಾದದಲ್ಲಿ ತಡಕಿದರು. ಹಿಮ್ಮಡಿ ಮೆಲ್ಲಗೆ ತಿರುಗಿಸಿ, ಸಿಕ್ಕಿತು ಅನ್ನುವ ಹಾಗೆ ನಿಂತು, ಬೆರಳಲ್ಲಿ ಇಲ್ಲದ ಕೆಸರನ್ನು ಕೆದಕಿ, ಜಾಲಾಡಿಸಿ ತೊಳೆದು, ಇಲ್ಲದ ಬುಟ್ಟಿಗೆ ಹಾಕಿದರು. ಸಣ್ಣದಿದ್ದರೆ ವಾಪಸ್ ಬಿಡೂದು ಅಂದರು. "ನೀರು ಏರೂಕೆ ಹಿಡೀತು ಅಂದ್ರೆ ಆಸೆ ಮಾಡೂದಲ್ಲ, ಎದ್ದು ಬರೂದೇ." ಅಷ್ಟರಲ್ಲಿ ಸಾಲಿನಲ್ಲಿದ್ದ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಇಬ್ಬರು ಶೂ ಬಿಚ್ಚಿ ಕಾರ್ಪೆಟ್ ಮೇಲೆ ಹಿಮ್ಮಡಿ ತಿರುಗಿಸುತ್ತಿದ್ದರು. ಯಾರೂ ಫೋನ್ ತೆಗೆದಿರಲಿಲ್ಲ. ನಮ್ಮ ಕೂಟದಲ್ಲಿ ಇದು ಸಣ್ಣ ಸಂಗತಿಯಲ್ಲ, ಅಲ್ವಾ?

ಅಂದಿನಿಂದ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿದೆ. ಹೋರಾಟಕ್ಕೆ ಕಲೆ ಬೇಕು ಅಂತ ನಾವೆಲ್ಲ ಸುಲಭಕ್ಕೆ ಹೇಳುತ್ತೇವೆ. ಆದರೆ ಯಾರು ಯಾರಿಗೆ ಆಡಿ ತೋರಿಸೋದು?

ಅಪ್ಪಿಕೋ ಚಳವಳಿ ನೋಡಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದುಕೊಂಡು ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ನಾನಾಗ ಚಿಕ್ಕವನು, ದೊಡ್ಡವರ ಬಾಯಲ್ಲಿ ಕೇಳಿದ್ದೇ ಜಾಸ್ತಿ. ಆಮೇಲೆ ಈ ಸುದ್ದಿ ಊರಿಂದ ಊರಿಗೆ ಹೋದದ್ದು ಪಾದಯಾತ್ರೆ, ಸ್ಲೈಡ್ ಷೋ, ಜನಪದ ಕುಣಿತ, ಬೀದಿ ನಾಟಕಗಳ ಜೊತೆಗೆ. ಅಲ್ಲಿ ಮರ ಅನ್ನೋದು ನೀಲಿ ಸೀರೆಯ ಹಾಗೆ ಒಂದು ಸಂಕೇತ ಆಗಿರಲಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಕಟ್ಟಿಗೆ ಬೇಕು, ಬೇಸಿಗೆಯಲ್ಲೂ ಹಳ್ಳದಲ್ಲಿ ನೀರು ಬೇಕು. ನಾಟಕ ನೋಡಿದವನು ಬೆಳಗಾದರೆ ಅದೇ ಬೆಟ್ಟಕ್ಕೆ ಸೊಪ್ಪಿಗೆ ಹೋಗಬೇಕಾದವನು. ಉಳಿಸು, ಬೆಳೆಸು, ಬಳಸು ಅಂತ ಮೂರೇ ಮಾತಿನ ಘೋಷಣೆ. ಆ ಮೂರನೆಯದನ್ನು ಪೇಟೆಯವರು ಬರೆದಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದರು. ನನ್ನ ನಾಟಕದಲ್ಲಿ ಇಲ್ಲದೇ ಹೋದದ್ದೂ ಅದೇ, ಬಳಸೋದು.

ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನಾವೆಲ್ಲ ಸುಕ್ರಜ್ಜಿ ಅಂತಲೇ ಕರೆಯೋದು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಹೋಗಿಬಿಟ್ಟರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ ಅಂತ ಎಲ್ಲರೂ ಬರೆದರು, ಸರಿನೇ. ಆದರೆ ಅವರು ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದವರೂ ಹೌದು. ಕುಡಿತ ತನ್ನ ಮನೆಯನ್ನೇ ತಿಂದದ್ದನ್ನು ಕಂಡವರು ಅವರು. ಮದುವೆ ಮನೆಯಲ್ಲಿ, ಗದ್ದೆಯಲ್ಲಿ ಹಾಡುತ್ತಿದ್ದ ದನಿಯೇ ಅಂಗಡಿ ಮುಂದೆಯೂ ನಿಂತಾಗ ಅದನ್ನು ಭಾಷಣ ಅಂತ ತಳ್ಳಿಹಾಕೋದು ಊರಿನ ಗಂಡಸರಿಗೆ ಸುಲಭ ಇರಲಿಲ್ಲ ಅಂತ ನನಗನ್ನಿಸುತ್ತದೆ. ಆ ಗಂಡಸರ ಮದುವೆಯಲ್ಲಿ ಹಾಡಿದ್ದೂ ಅದೇ ಬಾಯಿ ತಾನೇ.

ಇದನ್ನೇ ತಿರುಗಿಸಿ ನೋಡಿದರೆ, ಊರಿಗೆ ಹೋದಾಗ ಕಾಂಪೌಂಡ್ ಗೋಡೆಗಳ ಮೇಲೆ ಕಾಣುವ ಜಾಗೃತಿ ಚಿತ್ರಗಳು. ನಗುವ ಭೂಮಿ, ಅಳುವ ಹನಿ. ಕರಾವಳಿಯ ಎರಡು ಮಳೆಗಾಲಕ್ಕೆ ಭೂಮಿಯ ಮೂಗು ಹೋಗಿರುತ್ತದೆ, ಎದುರಿಗೊಂದು ಸ್ಕೂಟರ್ ನಿಂತಿರುತ್ತದೆ. ಬರೆದ ಕೈ ಎಲ್ಲಿಂದ ಬಂತೋ ಅಲ್ಲಿಗೇ ಹೋಗಿರುತ್ತದೆ.

ಹೊರಗಿನವರು ಸುಮ್ನಿರಬೇಕು ಅಂತ ನಾನು ಹೇಳುತ್ತಿಲ್ಲ. ಶಿವರಾಮ ಕಾರಂತರು ದಕ್ಷಿಣ ಕನ್ನಡದವರು. ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ ನಮ್ಮ ಉತ್ತರ ಕನ್ನಡದ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೇ ನಿಂತರು. ಆಗ ಅವರಿಗೆ 87 ವರ್ಷ. ಸೋತರು, ಸ್ಥಾವರವೂ ಬಂತು. ಆದರೆ ಆ ಪ್ರಾಯದ ಸಾಹಿತಿ, ಯಕ್ಷಗಾನದ ಮನುಷ್ಯ, ಸಹಿ ಹಾಕಿದ ಪತ್ರ ಕಳಿಸಿ ಮನೆಯಲ್ಲಿ ಕೂರಲಿಲ್ಲ. ನಾವು ಮಾತ್ರ ಹತ್ತು ಸಾವಿರ ಕಿಲೋಮೀಟರ್ ಆಚೆ ನಿಂತು ನೀಲಿ ಸೀರೆ ಅಲ್ಲಾಡಿಸಿ, ಫೋಟೋ ಹಾಕಿ, ಒಂದು ಕೆಲಸ ಮುಗಿಯಿತು ಅಂದುಕೊಂಡೆವು.

ಹಾಗಾದರೆ ನಮ್ಮದೇ ಸಂಕಟ ಯಾವುದು? ಇಲ್ಲಿ ನಮ್ಮ ಮನೆಗಳಲ್ಲೇ ಒಂದಿದೆ, ನಾವ್ಯಾರೂ ಅದನ್ನು ವೇದಿಕೆಗೆ ತಂದಿಲ್ಲ. ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮ. ಬೆಳಿಗ್ಗೆ ಎಂಟಕ್ಕೆ ನಾವು ಹೊರಟರೆ ಸಂಜೆ ಆರರವರೆಗೆ ಅವರು ಕಿಟಕಿ ಪಕ್ಕ. ಡ್ರೈವಿಂಗ್ ಬರಲ್ಲ, ಬಸ್ ಗೊತ್ತಾಗಲ್ಲ, ಹೀಟರ್ ಮುಟ್ಟೋಕೆ ಹೆದರಿಕೆ. ಮೊಮ್ಮಗು ಮಲಗಿದಾಗ ಟಿವಿ ಸೌಂಡ್ ಮ್ಯೂಟ್. ಆ ಅಜ್ಜಿಯನ್ನು ಆಮೇಲೆ ಕೇಳಿದೆ, ಇಲ್ಲಿ ಬಂದ ಮೇಲೆ ಎಷ್ಟು ಜನರ ಹತ್ತಿರ ಮಾತಾಡಿದಿರಿ ಅಂತ. ಬೆರಳು ಮಡಚಿ ಎಣಿಸಿದರು. ಒಂದು ಕೈ ಸಾಕಾಯಿತು. ಅದರಲ್ಲಿ ನಾನೂ ಒಬ್ಬ.

ಆದ್ದರಿಂದ ಈ ಸಲ ಸಂಕ್ರಾಂತಿಗೆ ಸ್ಕ್ರಿಪ್ಟ್ ಇಲ್ಲ. ಊರಿಂದ ಬಂದಿರುವ ಹಿರಿಯರದ್ದೇ ಕಾರ್ಯಕ್ರಮ, ಅವರು ಏನು ಮಾಡುತ್ತಾರೋ ಅದೇ. ಈ ಕಿಟಕಿ ಪಕ್ಕದ ದಿನಗಳ ಬಗ್ಗೆ ಆಡಿ ತೋರಿಸಲಿ, ನಮ್ಮನ್ನು ಬೈಯಲಿ, ಹಾಡಲಿ, ಬೇಕಾದರೆ ಸುಮ್ನೆ ಕೂತು ಮಾತಾಡಲಿ. ಅದಕ್ಕೆ ಮೊದಲು ನಾಲ್ಕು ಶನಿವಾರ ಮಧ್ಯಾಹ್ನ ಲೈಬ್ರರಿಯ ಕೋಣೆಯಲ್ಲಿ ಸೇರೋದು. ಕರೆದುಕೊಂಡು ಬರೋದು, ವಾಪಸ್ ಬಿಡೋದು ನಮ್ಮ ಜವಾಬ್ದಾರಿ, ಕಾರಿದ್ದವರು ಹೆಸರು ಕೊಡಿ. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಬಾಗಿಲವರೆಗೆ ಮಾತ್ರ. ನಾವು ಪಕ್ಕದಲ್ಲಿದ್ದರೆ ಅವರು "ಎಲ್ಲ ಚೊಲೋ ಇದೆ" ಅಂತಲೇ ಹೇಳುತ್ತಾರೆ.

ಕುಮಟಾದ ಅಜ್ಜಿ ವಾಪಸ್ ಹೋಗಿಯಾಯಿತು. ಮುಂದಿನ ಬೇಸಿಗೆಗೆ ಬರುತ್ತಾರಂತೆ, ವೀಸಾ ಇದೆ. ಮತ್ತೊಂದು ಮಾತು, ಅಡುಗೆ ಕಮಿಟಿಯವರಿಗೆ: ಬಿಸಿಬೇಳೆ ಬಾತಿನ ಪಾತ್ರೆಯ ಮುಚ್ಚಳ ಈ ಸಲ ಕಾರ್ಯಕ್ರಮ ಮುಗಿದ ಮೇಲೆಯೇ ತೆಗೆಯಿರಿ.