ಮಗಳಿಗೊಂದು ಪತ್ರ: ಆ ಖೋಲಿಯೊಳಗೆ ಎದುರು ಕೇಳುವವರು ಯಾರು?

ಸಪ್ತಾಪುರ, ಧಾರವಾಡ

ನನ್ನವ್ವಾ,

ನೀನು ಕಳಿಸಿದ ಪಾಡ್‌ಕಾಸ್ಟನ್ನು ಪೂರ್ತಿ ಕೇಳಿದೆ. ಎರಡೂವರೆ ತಾಸು. ಜಾಹೀರಾತು ಬಂದಾಗಲೂ ಮುಂದಕ್ಕೆ ಓಡಿಸಲಿಲ್ಲ. ಅದರ ಜೊತೆ ನೀನು ಬರೆದಿದ್ದನ್ನೂ ಮತ್ತೆ ಮತ್ತೆ ಓದಿದೆ. ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಮಧ್ಯಾಹ್ನದ ತನಕ ಬರೀ ಕರಿ ಕಾಫಿ, ಆಮೇಲೆ ನೀರಿಗೆ ಕಲಸಿ ಕುಡಿಯುವ ಹಸಿರು ಪುಡಿ, ಮಲಗುವ ಮುಂಚೆ ಡೈರಿ. ಇಷ್ಟೆಲ್ಲ ಬರೆದು ಕೊನೆಗೆ ಒಂದು ಸಾಲು: "ಇಷ್ಟು ಮಾಡಿದರೂ ಸುಸ್ತು ಹೋಗವಲ್ದವ್ವಾ, ನನ್ನ ಶಿಸ್ತೇ ಕಡಿಮಿ ಬಿದ್ದಿರಬೇಕು." ಈ ಪತ್ರ ಬರೆಯುತ್ತಿರುವುದು ಆ ಸಾಲಿಗಾಗಿ. ಫೋನಿನಲ್ಲಿ ಹೇಳಿದರೆ ಅಂಕಿಸಂಖ್ಯೆ ಎಲ್ಲ ಕಲಸಿಹೋಗುತ್ತವೆ. ಕಾಗದದ ಮೇಲಿದ್ದರೆ ನೀನು ತಿರುಗಿ ನೋಡಬಹುದು, ನಾನು ಹೇಳಿದ್ದು ಸರಿಯೋ ಅಲ್ಲವೋ ಅಂತ ಹುಡುಕಲೂಬಹುದು.

ಇಂಥವನ್ನು ಕೇಳಲೇಬೇಡ ಅನ್ನುವವಳು ನಾನಲ್ಲ. ಕೇಳುತ್ತ ಕೂತಾಗ ನಿನಗೆ ಅವು ಯಾಕೆ ಹಿಡಿಸುತ್ತವೆ ಅನ್ನುವುದು ನನಗೂ ತಿಳಿಯಿತು. ಒಬ್ಬ ಮನುಷ್ಯ ಇನ್ನೊಬ್ಬನ ಮಾತನ್ನು ನಡುವೆ ತುಂಡರಿಸದೆ ಎರಡೂವರೆ ತಾಸು ಕೇಳುತ್ತಾನೆ. ಟಿವಿ ಚರ್ಚೆಗಳ ಅರಚಾಟ ನೋಡಿ ಬೇಸತ್ತವರಿಗೆ ಅದೇ ಒಂದು ದೊಡ್ಡ ಸಮಾಧಾನ. ಬೆಂಗಳೂರಿನಲ್ಲಿ ಒಬ್ಬಳೇ ಇರುತ್ತಿ. ಆಫೀಸಿನಿಂದ ಬರುವ ದಾರಿಯಲ್ಲಿ ಕಿವಿಯೊಳಗೆ ಒಂದು ತಣ್ಣನೆಯ ದನಿ, "ನಿನ್ನಿಂದ ಆಗುತ್ತದೆ" ಅನ್ನುವ ದನಿ. ರೇಡಿಯೊ, ಟಿವಿ ನಿರೂಪಕರ ಜೊತೆ ಕೇಳುಗರಿಗೆ ಹೀಗೆ ಒಂದು ಕಡೆಯಿಂದಲೇ ಗೆಳೆತನ ಬೆಳೆಯುತ್ತದೆ ಅಂತ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನುವ ಇಬ್ಬರು 1956ರಲ್ಲೇ ಬರೆದಿಟ್ಟಿದ್ದಾರೆ. ನಾವು ಅವರನ್ನು ಬಲ್ಲೆವು, ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ. ಆದರೂ ನಂಬಿಕೆ ಮಾತ್ರ ನಿಜವಾದ ಗೆಳೆಯನ ಮೇಲಿನಷ್ಟೇ ಗಟ್ಟಿಯಾಗಿ ಕೂತುಬಿಡುತ್ತದೆ.

ಇನ್ನು ನಮ್ಮ ಕಡೆಯವರಿಗೆ ತಾಸುಗಟ್ಟಲೆ ಕೂತು ಕೇಳುವುದು ಹೊಸದೇನಲ್ಲ. ಶ್ರಾವಣ ಬಂತೆಂದರೆ ಊರೂರಿನಲ್ಲಿ ಪ್ರವಚನ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಮಾತು ಕೇಳಲು ಜನ ನಸುಕಿನಲ್ಲೆದ್ದು ಹೋಗಿ ಪಿಟಕ್ಕೆನ್ನದೆ ಕೂಡುತ್ತಿದ್ದರು. ಅವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಕೊಟ್ಟ ಪದ್ಮಶ್ರೀಯನ್ನೂ ಅವರು ಒಲ್ಲೆ ಅಂದರು. ಮಾತು ಮುಗಿದ ಮೇಲೆ ಕೇಳಿದವರು ಅವರಿಂದ ಕೊಳ್ಳಬೇಕಾದದ್ದು ಏನೂ ಇರುತ್ತಿರಲಿಲ್ಲ. ನೀನು ಕಳಿಸಿದ ಕಂತಿನಲ್ಲಿ ನಿರೂಪಕ ಸುಸ್ತಿನ ಬಗ್ಗೆ ಅಷ್ಟು ಮರುಕದಿಂದ ಮಾತಾಡಿ, ಅದೇ ದನಿಯಲ್ಲಿ, ಉಸಿರೂ ಬದಲಿಸದೆ, ಹಸಿರು ಪುಡಿಯ ರಿಯಾಯಿತಿ ಕೋಡ್ ಹೇಳಿದ. ಅತಿಥಿಗೆ ತನ್ನ ಹೊಸ ಪುಸ್ತಕ ಮಾರಬೇಕಿತ್ತು. ಇಬ್ಬರೂ ಒಳ್ಳೆಯವರೇ ಇರಬಹುದು, ಇಬ್ಬರೂ ತಾವು ಹೇಳಿದ್ದನ್ನು ನಂಬಿರಲೂಬಹುದು. ಆದರೆ ಆ ಖೋಲಿಯಲ್ಲಿ "ಹೌದೇನು? ಯಾರು ನೋಡಿದ್ದಾರೆ?" ಅಂತ ಕೇಳುವ ಮೂರನೆಯವರೊಬ್ಬರು ಇರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ತಣ್ಣೀರಿನ ಮಾತು ತಗೋ. ತಣ್ಣೀರಿನಿಂದ ಡೋಪಮಿನ್, ಅಂದರೆ ಹುರುಪಿಗೆ ಸಂಬಂಧಿಸಿದ ರಾಸಾಯನಿಕ, ಶೇ. 250ರಷ್ಟು ಏರುತ್ತದೆ ಅಂತ ಅತಿಥಿ ಹೇಳಿದ, ನಿರೂಪಕ "ಅಬ್ಬಾ" ಅಂದ, ಮಾತು ಮುಂದೆ ಹೋಯಿತು. ಆ ಸಂಖ್ಯೆಯನ್ನು ಅವನು ಕಟ್ಟಿ ಹೇಳಿದ್ದಲ್ಲ. ಝೆಕ್ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ ಬಂದದ್ದು. ಆದರೆ ಅಲ್ಲಿ ಏನು ಮಾಡಿದ್ದರು ಗೊತ್ತೇನು? ಕೆಲವೇ ಜನ ತರುಣರನ್ನು 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ಒಂದು ತಾಸು ಕೂಡಿಸಿದ್ದರು. ನೀನು ಷವರ್ ಕೆಳಗೆ ಎರಡು ನಿಮಿಷ ನಿಲ್ಲುತ್ತಿ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಅವರು ಅಳೆದದ್ದು ರಕ್ತದಲ್ಲಿನ ಡೋಪಮಿನ್. ರಕ್ತದಲ್ಲಿರುವ ಡೋಪಮಿನ್ ಮಿದುಳಿನೊಳಗೆ ಹೋಗುವುದೇ ಇಲ್ಲ, ನಡುವೆ ತಡೆ ಇದೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ನೇರವಾಗಿ ಡೋಪಮಿನ್ ಕೊಡದೆ, ಆ ತಡೆ ದಾಟಬಲ್ಲ ಎಲ್-ಡೋಪಾ ಕೊಡುವುದು ಇದೇ ಕಾರಣಕ್ಕೆ. ಹಾಗಾಗಿ "ಹುರುಪು ಶೇ. 250 ಹೆಚ್ಚುತ್ತದೆ" ಅನ್ನುವುದು ಆ ಅಧ್ಯಯನದಿಂದ ಹೊರಡುವ ತೀರ್ಮಾನವೇ ಅಲ್ಲ. ಸ್ನಾನದ ನಂತರ ನಿನಗೆ ಚುರುಕು ಅನ್ನಿಸುವುದು ಖರೆ. ಅದೇ ಅಧ್ಯಯನದಲ್ಲಿ ನಾರ್‌ಅಡ್ರಿನಲಿನ್ ಶೇ. 530 ಏರಿತ್ತು, ಚಳಿಗೆ ಮೈ ಎಚ್ಚರಗೊಳ್ಳುವುದು ಹಾಗೆಯೇ. ಇಷ್ಟವಾದರೆ ಮಾಡು. ಆದರೆ ಅದು ಸುಸ್ತಿಗೆ ಔಷಧ ಅಂತ ಯಾರೂ ತೋರಿಸಿಲ್ಲ.

ನಾನು ಶರೀರಕ್ರಿಯೆ ಪಾಠ ಮಾಡುವಾಗ ಹೀಗೊಂದು ಸಂಖ್ಯೆ ಹೇಳಿದ್ದರೆ ಹಿಂದಿನ ಬೆಂಚಿನ ಹುಡುಗಿ ಯಾರಾದರೂ ಎದ್ದು, "ಮೇಡಂ, ರಕ್ತದಾಗೋ ಮಿದುಳಿನಾಗೋ?" ಅಂತ ಕೇಳೇ ಕೇಳುತ್ತಿದ್ದಳು. ಆ ಪ್ರಶ್ನೆ ಬರುತ್ತದೆ ಅನ್ನುವ ಅಂಜಿಕೆಗೇ ನಾನು ಹಿಂದಿನ ರಾತ್ರಿ ಓದಿಕೊಂಡು ಹೋಗುತ್ತಿದ್ದೆ. ಪಾಡ್‌ಕಾಸ್ಟಿನ ಅತಿಥಿಗೆ ಆ ಅಂಜಿಕೆ ಇಲ್ಲ. ಎದುರು ಪ್ರಶ್ನೆ ಕೇಳುವ ನಿರೂಪಕನ ಬಳಿಗೆ ಮುಂದಿನ ದೊಡ್ಡ ಅತಿಥಿ ಬರಲಿಕ್ಕಿಲ್ಲ ಅನ್ನುವುದು ನಿರೂಪಕನಿಗೂ ಗೊತ್ತು.

ಇದು ಒಬ್ಬಳ ಗುಮಾನಿ ಅಂದುಕೊಳ್ಳಬೇಡ. ಬ್ರಿಟನ್ನಿನ ಸ್ಟೀವನ್ ಬಾರ್ಟ್ಲೆಟ್ 2017ರಿಂದ ನಡೆಸುತ್ತಿರುವ, ನೀನೂ ಕೇಳುವ, ಆ ಪ್ರಸಿದ್ಧ 'ದಿ ಡೈರಿ ಆಫ್ ಎ ಸಿಇಒ' ಪಾಡ್‌ಕಾಸ್ಟಿನ ಆರೋಗ್ಯ ಸಂಬಂಧಿ 15 ಕಂತುಗಳನ್ನು ಬಿಬಿಸಿ ವರ್ಲ್ಡ್ ಸರ್ವಿಸ್ ಪರಿಶೀಲಿಸಿ 2024ರ ಡಿಸೆಂಬರಿನಲ್ಲಿ ವರದಿ ಮಾಡಿತು. ವಿಜ್ಞಾನದ ಪುರಾವೆಗೆ ವಿರುದ್ಧವಾದ, ಹಾನಿ ತರಬಲ್ಲ ಹೇಳಿಕೆಗಳು ಒಂದೊಂದು ಕಂತಿನಲ್ಲಿ ಸರಾಸರಿ 14 ಸಿಕ್ಕವು. ಅತಿಥಿಗಳಿಗೆ ಮಾತಿನ ಸ್ವಾತಂತ್ರ್ಯ ಕೊಡುತ್ತೇವೆ ಅನ್ನುವುದು ಪಾಡ್‌ಕಾಸ್ಟಿನವರ ಉತ್ತರವಾಗಿತ್ತು. ಕೊಡಲಿ, ಆದರೆ ಕೇಳುವವಳಿಗೂ ಎದುರು ವಾದ ಕೇಳಿಸಬೇಕಲ್ಲ? ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ, ಬಾರ್ಟ್ಲೆಟ್ ಕಾಣಿಸಿಕೊಂಡಿದ್ದ ಹ್ಯೂಲ್ ಮತ್ತು ಝೋಯಿ ಎಂಬ ಆಹಾರ, ಆರೋಗ್ಯ ಕಂಪನಿಗಳ ಜಾಹೀರಾತುಗಳನ್ನು ನಿಷೇಧಿಸಿತ್ತು. ಆ ಕಂಪನಿಗಳಲ್ಲಿ ಅವರದೇ ವ್ಯಾವಹಾರಿಕ ಹಿತಾಸಕ್ತಿ ಇದೆ ಅನ್ನುವುದನ್ನು ಜಾಹೀರಾತಿನಲ್ಲಿ ಹೇಳಿರಲಿಲ್ಲ. ನಮ್ಮಲ್ಲೂ 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನಿಯಮ ತಂದಿದೆ: ಹಣ ಪಡೆದು ಹೊಗಳಿದರೆ ಹಣ ಪಡೆದದ್ದನ್ನು ತಿಳಿಸಬೇಕು, ತಜ್ಞ ಅಂತ ಆರೋಗ್ಯದ ಸಲಹೆ ಕೊಡುವವರು ತಮ್ಮ ಅರ್ಹತೆ ಏನೆಂದು ಹೇಳಬೇಕು. ಎಷ್ಟು ಜನ ಹೇಳುತ್ತಾರೆ ಅನ್ನುವುದನ್ನು ನೀನೇ ಕಿವಿಗೊಟ್ಟು ನೋಡು. ಕನ್ನಡದ ಪಾಡ್‌ಕಾಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು, ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುವುದು. ಅಲ್ಲಿ ಬಂದು ಕೂಡುವವರೆಲ್ಲ ಗೆದ್ದವರು. ನಮ್ಮ ಓಣಿಯನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದಿ. ಗೋಕಾಕ, ರಾಣೆಬೆನ್ನೂರು, ಕೊಪ್ಪಳ, ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಸಪ್ತಾಪುರಕ್ಕೆ ಬಂದು ಖೋಲಿ ಹಿಡಿದು ಓದುತ್ತಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಹೀಗೆ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ. ಕೋಚಿಂಗ್ ಸೆಂಟರಿನ ಮುಂದೆ ಆಯ್ಕೆಯಾದವರ ಫೋಟೋ ಹಾಕಿದ ಬ್ಯಾನರ್ ಬೀಳುತ್ತದೆ, ಸತ್ಕಾರ ನಡೆಯುತ್ತದೆ, ಅವರು ಮೈಕಿನ ಮುಂದೆ ನಿಂತು "ನಾನು ದಿನಾ ನಾಲ್ಕಕ್ಕೆ ಏಳುತ್ತಿದ್ದೆ" ಅನ್ನುತ್ತಾರೆ. ಕೆಳಗೆ ಕೂತವರು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಮಾಳಿಗೆಯ ಮೇಲಿನ ಖೋಲಿಗಳಲ್ಲಿ ಇದ್ದವರೆಲ್ಲ ನಾಲ್ಕಕ್ಕೇ ಏಳುತ್ತಿದ್ದರವ್ವಾ. ಕಿಟಕಿಯಲ್ಲಿ ಲೈಟು ಹತ್ತುವುದನ್ನು ನಾನೇ ಕಂಡಿದ್ದೇನೆ. 2024ರಲ್ಲಿ ಕೆಪಿಎಸ್‌ಸಿ ಕರೆದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು 384, ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ನಸುಕಿನಲ್ಲಿ ಎದ್ದು ಓದಿಯೂ ಆಯ್ಕೆಯಾಗದವರನ್ನು ಯಾರೂ ಮೈಕಿನ ಮುಂದೆ ಕೂಡಿಸುವುದಿಲ್ಲ. ಅವರು ಖೋಲಿ ಖಾಲಿ ಮಾಡಿ, ಪುಸ್ತಕ ಕಟ್ಟಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ಅವರ ದಿನಚರಿ ಕೇಳಿದ್ದರೆ, ನಾಲ್ಕಕ್ಕೆ ಏಳುವುದು ಗೆದ್ದವರಲ್ಲಿ ಎಷ್ಟೋ ಸೋತವರಲ್ಲೂ ಅಷ್ಟೇ ಅನ್ನುವುದು ಆ ಸಭೆಗೂ ತಿಳಿಯುತ್ತಿತ್ತು.

ಆಯ್ಕೆಯಾದ ಹುಡುಗನೊಬ್ಬ ಬಾಡಿಗೆಯ ಲೆಕ್ಕ ಮುಗಿಸಲು ಬಂದಾಗ ನನ್ನ ಮುಂದೆ ಹೇಳಿದ ಮಾತು ಬೇರೆಯೇ ಇತ್ತು. ಅಣ್ಣ ಹೊಲ ನೋಡಿಕೊಂಡು ತಿಂಗಳು ತಪ್ಪದೆ ರೊಕ್ಕ ಕಳಿಸಿದ, ಅದಕ್ಕೇ ಬೇರೆ ಕೆಲಸ ಹಿಡಿಯದೆ ಕೂತು ಓದಲು ಆಯಿತು ಅಂದ. ಸತ್ಕಾರದ ದಿನ ಅವನು ಇದನ್ನು ಮುಚ್ಚಿಟ್ಟನೆಂದಲ್ಲ, ಯಾರೂ ಕೇಳಲಿಲ್ಲ. ನೀನು ಬರೆದಿದ್ದೆಯಲ್ಲ, ಒಂದು ಮಿಠಾಯಿ ಈಗಲೇ ತಿನ್ನದೆ ತಡೆದುಕೊಂಡ ಮಕ್ಕಳು ಮುಂದೆ ಗೆಲ್ಲುತ್ತಾರೆ ಅಂತ? ಅದು ಸ್ಟ್ಯಾನ್‌ಫರ್ಡಿನ ಹಳೆಯ ಪ್ರಯೋಗ. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿಯ ಮೇಲೆ ಅದನ್ನು ತಿರುಗಿ ನೋಡಿದರು. ತಡೆದುಕೊಳ್ಳುವುದಕ್ಕೂ ಮುಂದಿನ ಸಾಧನೆಗೂ ಇರುವ ಸಂಬಂಧ ಮೊದಲು ಹೇಳಿದ್ದಕ್ಕಿಂತ ಅರ್ಧಕ್ಕೆ ಇಳಿದಿತ್ತು, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದದ್ದು ಇನ್ನೂ ಸ್ವಲ್ಪ. ಶಿಸ್ತಿನ ಕತೆ ಹೇಳುವವರು ಅಣ್ಣನ ಹೊಲದ ಕತೆಯನ್ನೂ ಹೇಳಬೇಕು.

ಹಾಗಾದರೆ ಯಾರನ್ನು ನಂಬಲಿ ಅಂತ ಕೇಳುತ್ತಿ. ಮೈಮೇಲೆ ಗತ್ತು ತಂದುಕೊಂಡು ಕೈ ಚಾಚಿ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಅನ್ನುವ ಮಾತು ಈಗಲೂ ಇಂಥ ಸಂದರ್ಶನಗಳಲ್ಲಿ ಓಡಾಡುತ್ತದೆ. 2010ರಲ್ಲಿ 42 ಜನರ ಮೇಲೆ ಮಾಡಿದ ಅಧ್ಯಯನ ಅದು. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಆಗ ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ 2016ರಲ್ಲಿ ಬಹಿರಂಗವಾಗಿ ಬರೆದರು, ಈ ಪರಿಣಾಮ ನಿಜವೆಂದು ತಾನು ಇನ್ನು ನಂಬುವುದಿಲ್ಲ ಅಂತ. ತನ್ನ ಹೆಸರು ಮಾಡಿದ ಕೆಲಸವನ್ನೇ ಹೀಗೆ ಕೈಬಿಟ್ಟ ಆ ಹೆಣ್ಣುಮಗಳ ಮಾತನ್ನು ನಾನು ನಂಬುತ್ತೇನೆ. ತಾನೇ ಅಳೆದ ಒಂದು ಸಣ್ಣ ವಿಷಯದ ಬಗ್ಗೆ ಮಾತಾಡುವವರನ್ನು, "ಇಷ್ಟು ಗೊತ್ತು, ಇದರ ಮುಂದೆ ಗೊತ್ತಿಲ್ಲ" ಅನ್ನುವವರನ್ನು ಎಷ್ಟು ತಾಸು ಬೇಕಾದರೂ ಕೇಳು. ಅಂಥ ಕಂತುಗಳೂ ಇವೆ, ನೀನು ಹೋದ ದೀಪಾವಳಿಗೆ ಕೇಳಿಸಿದ ನಿದ್ದೆಯ ಸಂಶೋಧಕಿಯ ಮಾತು ನನಗೆ ಭಾಳ ಹಿಡಿಸಿತ್ತು. ನಿದ್ದೆ, ಸಕ್ಕರೆ, ಮದುವೆ, ಷೇರು, ಮಕ್ಕಳು, ಎಲ್ಲದಕ್ಕೂ ಒಬ್ಬರ ಬಳಿಯೇ ಉತ್ತರವಿದ್ದರೆ ಅಲ್ಲಿ ನನಗೆ ಅನುಮಾನ ಶುರುವಾಗುತ್ತದೆ.

ಈಗ ನಿನ್ನ ಸುಸ್ತಿಗೆ ಬರುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುತ್ತದೆ, ತಲೆ ಭಾರ ಅಂತ ಮೂರು ತಿಂಗಳಿಂದ ಹೇಳುತ್ತಿದ್ದಿ. ಇವು ಶಿಸ್ತಿನ ಕೊರತೆಯ ಲಕ್ಷಣಗಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಜನರಿಗೆ ರಕ್ತಹೀನತೆ. ಎರಡೂವರೆ ತಾಸು ಸುಸ್ತಿನ ಬಗ್ಗೆ ಮಾತಾಡಿದ ಆ ಇಬ್ಬರು ಗಂಡಸರು ಮುಟ್ಟು ಅನ್ನುವ ಶಬ್ದವನ್ನು ಒಮ್ಮೆಯೂ ಎತ್ತಲಿಲ್ಲ, ಕಬ್ಬಿಣದ ಅಂಶದ ಸುದ್ದಿಯೂ ಇಲ್ಲ. ನನ್ನ ಸಿಟ್ಟು ಇರುವುದು ಇದಕ್ಕೆ. ಕೊರತೆ ರಕ್ತದಲ್ಲಿದ್ದರೆ ಅದನ್ನು ಮನಸ್ಸಿನ ಕೊರತೆ ಅಂದುಕೊಂಡು ನನ್ನ ಮಗಳು ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುತ್ತ ತನ್ನನ್ನೇ ಬೈದುಕೊಳ್ಳುವುದನ್ನು ನಾನು ನೋಡಲಾರೆ.

ಈ ಶನಿವಾರ ಡಾಕ್ಟರ ಹತ್ತಿರ ಹೋಗು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್, ಇಷ್ಟು ಪರೀಕ್ಷೆ ಬೇಕೇನು ಅಂತ ಕೇಳು. ಫೆರಿಟಿನ್ ಮರೆಯಬೇಡ, ಮೈಯೊಳಗಿನ ಕಬ್ಬಿಣದ ದಾಸ್ತಾನು ತೋರಿಸುವುದು ಅದೇ; ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತ ಬಂದಿರಬಹುದು. ಆ ಪುಡಿಯಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇದ್ದರೆ ರಕ್ತ ಕೊಡುವ ಮುಂಚೆ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಲೇಬೇಕು. ಹೆಚ್ಚು ಬಯೋಟಿನ್ ತಗೊಂಡವರಲ್ಲಿ ಕೆಲವು ಲ್ಯಾಬ್ ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ; ಥೈರಾಯ್ಡ್ ಪರೀಕ್ಷೆಗೂ ಈ ತೊಂದರೆ ಇದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿಯಬೇಡ, ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮುಂಜಾನೆ ಹೊಟ್ಟೆಗೆ ಏನಾದರೂ ಹಾಕು. ಮೊಳಕೆ ಬಂದ ಮಡಿಕೆಕಾಳಿನ ಪಲ್ಯ ಮಾಡಿ ಮೇಲೆ ಲಿಂಬಿಹಣ್ಣು ಹಿಂಡಿಕೊಂಡರೆ ರುಚಿಗೂ ಆಯಿತು, ಕಬ್ಬಿಣ ಹೀರಿಕೊಳ್ಳಲಿಕ್ಕೂ ಅನುಕೂಲ. ಗುರೆಳ್ಳು ಚಟ್ನಿಪುಡಿ ಕಳಿಸುತ್ತಿದ್ದೇನೆ, ಅಪ್ಪ ನಾಳೆ ಕೊರಿಯರ್ ಮಾಡುತ್ತಾರೆ. ಆದರೆ ಫೆರಿಟಿನ್ ಭಾಳ ಇಳಿದಿದ್ದರೆ ಊಟದಿಂದಷ್ಟೇ ತುಂಬಿ ಬರುವುದು ಕಷ್ಟ, ಡಾಕ್ಟರು ಕೊಟ್ಟ ಗುಳಿಗೆ ನುಂಗಲೇಬೇಕು.

ಹಸಿರು ಪುಡಿಯ ಡಬ್ಬಿಯ ಹಿಂದಿನ ಚೀಟಿ ಇದೆಯಲ್ಲ, ಅದರ ಫೋಟೋ ಇವತ್ತೇ ಕಳಿಸು. ಅಕ್ಷರ ಸಣ್ಣ ಇರುತ್ತವೆ, ಹತ್ತಿರದಿಂದ ತೆಗಿ. ರಿಪೋರ್ಟ್ ಬಂದ ತಕ್ಷಣ ನನಗೆ ಕಳಿಸು, ಇಬ್ಬರೂ ಕೂಡಿ ನೋಡೋಣ.

ಇಂತಿ ನಿನ್ನ
ಅವ್ವ